ಕಡಲ ಮೇಲೊಂದು ಪಾಪನಿವೇದನೆ

ಮೊಲೊಕಾಯಿಯ ಸಂತ ದಾಮಿಯನ್ನರ ಹಬ್ಬವನ್ನು ಹಲವೆಡೆ ಆಚರಿಸುವ ಮೇ 10 ಅವರು ದೈವಾಧೀನರಾದ ದಿನವಲ್ಲ. ಬೆಲ್ಜಿಯಮ್ಮಿನ ಈ ಯುವ ಗುರು 1873ರಲ್ಲಿ, ತಮ್ಮ 33ನೆಯ ವಯಸ್ಸಿನಲ್ಲಿ, ಕುಷ್ಠರೋಗಿಗಳ ವಸಾಹತಿಗೆ ಕಾಲಿಟ್ಟ ದಿನವದು. ಅಂದಿನ ಹವಾಯಿ ಅರಸೊತ್ತಿಗೆಯು 1865ರ ಕಾನೂನಿನಂತೆ ರೋಗಿಗಳನ್ನು ಮನೆಮಂದಿಯಿಂದ ಬೇರ್ಪಡಿಸಿ, ಮೊಲೊಕಾಯಿ ದ್ವೀಪದ ಉತ್ತರದ ಅಂಚಿಗೆ ಸಾಗಿಸುತ್ತಿತ್ತು. ಮೂರು ಕಡೆ ಕಡಲು; ಬೆನ್ನಿಗೆ ಸುಮಾರು 600 ಮೀಟರ್ ಎತ್ತರದ ಕಡಿದಾದ ಬಂಡೆಗಳ ಸಾಲು.

ಅವರು ಹುಣ್ಣು ತೊಳೆದದ್ದು, ಮನೆ ಕಟ್ಟಿದ್ದು, ಶವಪೆಟ್ಟಿಗೆ ಮಾಡಿದ್ದು ನಾವೆಲ್ಲ ಕೇಳಿ ಬಲ್ಲ ಸಂಗತಿಗಳು. ನಮ್ಮ ಮನಸ್ಸನ್ನು ಕಲಕುವುದು ಆರಂಭದ ದಿನಗಳ ಇನ್ನೊಂದು ಘಟನೆ. ಅವರ ಮೇಲಧಿಕಾರಿಯಾದ ಗುರುಗಳಿದ್ದ ಹಡಗು ತೀರದ ಬಳಿ ಬಂದಾಗ, ಅವರು ಇಳಿಯುವಂತಿಲ್ಲ, ದಾಮಿಯನ್ನರು ಹತ್ತುವಂತಿಲ್ಲ ಎಂದಾಯಿತು. ದಾಮಿಯನ್ನರು ದೋಣಿಯಲ್ಲಿ ನಿಂತು, ಮೇಲೆ ಕಟಕಟೆಗೆ ಬಾಗಿದ್ದ ಗುರುಗಳಿಗೆ ಕೇಳಿಸುವಂತೆ ಫ್ರೆಂಚ್ ಭಾಷೆಯಲ್ಲಿ ಕೂಗಿ ತಮ್ಮ ಪಾಪಗಳನ್ನು ನಿವೇದಿಸಿಕೊಂಡರು. ಗುಟ್ಟಿನಲ್ಲಿ ಕಿವಿಗೆ ಹೇಳಬೇಕಾದುದನ್ನು ಅಲೆಗಳ ಸದ್ದನ್ನು ಮೀರಿ ಹೇಳಬೇಕಾಯಿತು!

1884ರ ಕೊನೆಯಲ್ಲಿ ಅವರ ಕಾಲಿಗೆ ಕುದಿಯುವ ನೀರು ತಾಗಿತು. ಚರ್ಮ ಬೊಬ್ಬೆ ಎದ್ದಿತು. ನೋವು ಮಾತ್ರ ತಿಳಿಯಲಿಲ್ಲ. ರೋಗ ಅಂಟಿರುವುದು ಖಚಿತವಾಯಿತು. ನಾರ್ವೆಯ ಹ್ಯಾನ್ಸನ್ ಇದರ ರೋಗಾಣುವನ್ನು 1873ರಲ್ಲಿಯೇ ಕಂಡುಹಿಡಿದಿದ್ದರೂ ಮದ್ದು ಯಾರ ಬಳಿಯೂ ಇರಲಿಲ್ಲ. 1886ರಲ್ಲಿ ಹೊನೊಲುಲುವಿಗೆ ಹೋಗಿ ಜಪಾನೀ ವೈದ್ಯ ಗೋಟೊ ಅವರ ಸ್ನಾನ ಚಿಕಿತ್ಸೆ ಪಡೆದು ಮರಳಿದರು. ಆದರೆ ಅವರ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಅಳಲು ಬೇರೆ: ಪಾಪನಿವೇದನೆ ಕೇಳಲು ಸಹಗುರುವೊಬ್ಬರು ಬಳಿಯಲ್ಲಿಲ್ಲ. ಅಂಥ ಒಬ್ಬರು ಬಂದು ನೆಲೆಸಿದ್ದು 1888ರಲ್ಲಿ. ಅದೇ ನವೆಂಬರಿನಲ್ಲಿ ಧರ್ಮಭಗಿನಿ ಮರಿಯಾನ್ ಕೋಪ್ ಅವರೂ ಬಂದರು. 1889ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರದಂದು, ದಾಮಿಯನ್ನರು ಕೊನೆಯುಸಿರೆಳೆದರು.

ಈ ಏಕಾಂತವನ್ನು ಬಂಡೆಗಳಿಗಿಂತ ಹೆಚ್ಚಾಗಿ ಮನುಷ್ಯರ ಆಜ್ಞೆಗಳು ನಿರ್ಮಿಸಿದ್ದವೆಂಬುದನ್ನು ಸಂತರನ್ನು ಕೊಂಡಾಡುವ ಭರದಲ್ಲಿ ನಾವು ಮರೆಯುತ್ತೇವೆ. ದಾಮಿಯನ್ನರು ತಾವಾಗಿ ಹೋದವರು. ಬಲವಂತಕ್ಕೆ ಸಿಕ್ಕಿ ಅಲ್ಲಿಗೆ ಹೋದವರು ಸುಮಾರು 8,000 ಮಂದಿ. ಮಕ್ಕಳನ್ನು ತಾಯಂದಿರಿಂದ ಕಿತ್ತು ಕಳುಹಿಸಿದ್ದುಂಟು. ಔಷಧ ದೊರೆತು ದಶಕಗಳು ಕಳೆದ ಮೇಲೆ, 1969ರಲ್ಲಿ, ಆ ಪ್ರತ್ಯೇಕತೆಯ ನಿಯಮ ಕೊನೆಗೊಂಡಿತು. ಹೋಗಲು ಸ್ವತಂತ್ರರಾದ ಮೇಲೂ ಕೆಲವು ವೃದ್ಧರು ಅಲ್ಲಿಯೇ ಉಳಿದರು. ಅವರಿಗೆ ಬೇರೆ ಊರೆಂಬುದು ಎಲ್ಲಿತ್ತು?

2009ರಲ್ಲಿ ಸಂತಪದವಿಗೇರಿದ ದಾಮಿಯನ್ನರ ದೇಹವನ್ನು 1936ರಲ್ಲಿಯೇ ಬೆಲ್ಜಿಯಮ್ಮಿಗೆ ಒಯ್ದಿದ್ದರು. 1995ರಲ್ಲಿ ಅವರ ಬಲಗೈಯ ಅವಶೇಷವನ್ನು ಮರಳಿ ತಂದು, ಮೊಲೊಕಾಯಿಯ ಅವರ ಹಳೆಯ ಸಮಾಧಿಯಲ್ಲಿ, ಆ ರೋಗಿಗಳ ನಡುವೆ, ಹೂಳಲಾಯಿತು.