‘ರಂಗದ ಹಿಂದೆ’ ಇರುವವರ ಹಾಳೆ

ನಾಟಕಕ್ಕೆ ಹೋದಾಗ ಬಾಗಿಲಲ್ಲಿ ಕೈಗಿಡುವ ಬ್ರೋಷರ್‌ನಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ: ‘ರಂಗದ ಮೇಲೆ’ ಮತ್ತು ‘ರಂಗದ ಹಿಂದೆ’. ಮೊದಲನೆಯದರಲ್ಲಿ ಇರುವವರನ್ನು ಕಣ್ಣಾರೆ ನೋಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಬೆಳಕು ಕೊಟ್ಟವರು, ಬಣ್ಣ ಹಚ್ಚಿದವರು, ಉಡುಗೆ ಹೊಲಿದವರು, ಪರಿಕರ ಹೊಂದಿಸಿದವರು ಕಾಣುವುದು ಎರಡನೆಯದರಲ್ಲಿ ಮಾತ್ರ. ಪತ್ರಿಕೆಯ ವಿಮರ್ಶೆಯಲ್ಲಿ ನಿರ್ದೇಶಕರಿಗೂ ಒಂದಿಬ್ಬರು ನಟರಿಗೂ ಜಾಗ ಸಿಕ್ಕರೆ ಹೆಚ್ಚು.

ಈಗ ಆ ಹಾಳೆಯ ಬದಲು ಗೋಡೆಗೆ ಕ್ಯೂಆರ್ ಕೋಡ್ ಅಂಟಿಸುವ ರೂಢಿ ಬರುತ್ತಿದೆ. ಕೋವಿಡ್ ಕಾಲದಲ್ಲಿ ಕಾಗದ ಮುಟ್ಟುವ ಅಂಜಿಕೆಯಿಂದ ಹಬ್ಬಿದ್ದು, ಖರ್ಚು ಉಳಿಯುತ್ತದೆಂದು ಹಾಗೇ ಉಳಿದುಕೊಂಡಿದೆ.

ಕಂಪನಿ ನಾಟಕದ ಕಾಲದಲ್ಲಿ ಈ ಕಾಗದ ಹ್ಯಾಂಡ್‌ಬಿಲ್ ಆಗಿತ್ತು. ಜಟಕಾದಲ್ಲಿ ಬ್ಯಾಂಡು ಬಾರಿಸುತ್ತ ಊರೆಲ್ಲ ಹಂಚುತ್ತಿದ್ದರು. ಕಣ್ಣೆದುರೇ ದೃಶ್ಯ ಬದಲಾಗುವ ಟ್ರಾನ್ಸ್‌ಫರ್ ಸೀನುಗಳ ವರ್ಣನೆ, ಟಿಕೆಟ್ ದರ ಎಲ್ಲ ಅದರಲ್ಲೇ. ಗುಬ್ಬಿ ಕಂಪನಿ ಹುಟ್ಟಿದ 1884ರಲ್ಲೇ ನ್ಯೂಯಾರ್ಕಿನಲ್ಲಿ ಫ್ರ್ಯಾಂಕ್ ಸ್ಟ್ರಾಸ್ ಎಂಬಾತ, ಮುಂದೆ ‘ಪ್ಲೇಬಿಲ್’ ಎಂದು ಹೆಸರಾದ ಪತ್ರಿಕೆಗೆ ಅಡಿಪಾಯ ಹಾಕಿದ. ಜಾಹೀರಾತಿನ ಹಣದಿಂದ ಅಚ್ಚಾಗುವ ಅದನ್ನು ಬ್ರಾಡ್‌ವೇ ಪ್ರೇಕ್ಷಕರಿಗೆ ಇಂದಿಗೂ ಪುಕ್ಕಟೆ ಕೊಡುತ್ತಾರೆ. ಲಂಡನ್ನಿನ ದೊಡ್ಡ ರಂಗಮಂದಿರಗಳಲ್ಲಿ ಬ್ರೋಷರನ್ನು ದುಡ್ಡು ಕೊಟ್ಟು ಕೊಳ್ಳಬೇಕು.

ಇಂಥ ಹಾಳೆಯ ಬೆಲೆ ತಿಳಿಯಬೇಕಾದರೆ ಸಿಡ್ನಿಯ ಕಥೆ ಕೇಳಬೇಕು. ಬ್ರಿಟನ್ನಿನ ಕೈದಿಗಳ ವಸಾಹತಾಗಿದ್ದ ಆ ಊರಿನಲ್ಲಿ 1796ರಲ್ಲಿ ರಾಬರ್ಟ್ ಸಿಡವೇ ಎಂಬ ಮಾಜಿ ಕೈದಿ ನಾಟಕಶಾಲೆ ತೆರೆದ. ಮೊದಲ ಹಡಗುಗಳಲ್ಲೇ ಒಂದು ಮರದ ಅಚ್ಚಿನ ಯಂತ್ರ ಬಂದಿತ್ತು. ನಡೆಸಬಲ್ಲವರಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದ ಅದನ್ನು ಕೊನೆಗೆ ಕೈಗೆತ್ತಿಕೊಂಡವನು ಜಾರ್ಜ್ ಹ್ಯೂಸ್. ಜುಲೈ 30ರ ‘ಜೇನ್ ಶೋರ್’ ಪ್ರದರ್ಶನಕ್ಕೆ ಅವನು ಅಚ್ಚು ಹಾಕಿದ ಒಂದು ಪುಟ್ಟ ಹಾಳೆ, ಆಸ್ಟ್ರೇಲಿಯಾದಲ್ಲಿ ಮುದ್ರಣಗೊಂಡು ಇಂದಿಗೂ ಉಳಿದಿರುವ ದಾಖಲೆಗಳಲ್ಲೇ ಅತಿ ಹಳೆಯದು. ಅದು ಸಿಕ್ಕಿದ್ದು ಕೆನಡಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಯಾರೋ ಚೂರುಪಾರುಗಳನ್ನು ಅಂಟಿಸಿಟ್ಟಿದ್ದ ಹಳೇ ಪುಸ್ತಕವೊಂದರೊಳಗೆ. 2007ರಲ್ಲಿ ಕೆನಡಾ ಅದನ್ನು ಆಸ್ಟ್ರೇಲಿಯಾಕ್ಕೆ ಕೊಟ್ಟಿತು. ಆ ನಾಟಕಶಾಲೆ ಇಂದು ಇಲ್ಲ. ಕಾಪಾಡಬೇಕೆಂದು ಯಾರೂ ಹಟ ತೊಡದ ಹಾಳೆ ಇನ್ನೂರು ವರ್ಷ ದಾಟಿ ಬಂತು, ಅಂಟಿಸಿಟ್ಟವರೊಬ್ಬರ ಪ್ರೀತಿಯಿಂದ.

ಕ್ಯೂಆರ್ ಕೋಡಿನ ಲಿಂಕಿಗೆ ಇಂಥ ಆಕಸ್ಮಿಕದ ಆಯುಷ್ಯವಿಲ್ಲ. ತಂಡ ಒಡೆದರೆ, ವೆಬ್‌ಸೈಟಿನ ವಾರ್ಷಿಕ ಶುಲ್ಕ ಕಟ್ಟುವವರಿಲ್ಲದಿದ್ದರೆ, ಹೆಸರುಗಳೂ ಹೋದವು. ನಾಟಕವೇ ಮುಗಿದೊಡನೆ ಇಲ್ಲವಾಗುವ ಕಲೆ. ಅದರ ಪುರಾವೆಯನ್ನೂ ಅಷ್ಟೇ ಅಲ್ಪಾಯುಷಿ ಮಾಡಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಮೊಬೈಲ್ ಆಫ್ ಮಾಡಿ ಎಂದು ಬೇಡಿಕೊಳ್ಳುವ ಸಭಾಂಗಣದಲ್ಲಿ, ನಟಿಯ ಹೆಸರು ತಿಳಿಯಲು ಮೊಬೈಲನ್ನೇ ತೆರೆಯಬೇಕಾಗುವುದೂ ಸರಿಯಲ್ಲ. ಕತ್ತಲಲ್ಲಿ ಒಂದು ಪರದೆ ಬೆಳಗಿದರೆ ಹಿಂದಿನ ನಾಲ್ಕು ಸಾಲಿಗೆ ರಸಭಂಗ.

ಹಾಗೆಂದು ಡಿಜಿಟಲ್ ಬೇಡವೆನ್ನಲಾರೆ. ಕಣ್ಣು ಮಂದವಾದವರು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಕಾಣದವರು ಕೇಳಿಸಿಕೊಳ್ಳಬಹುದು. ಕೊನೆ ಗಳಿಗೆಯಲ್ಲಿ ಪಾತ್ರಧಾರಿ ಬದಲಾದರೆ ತಿದ್ದಬಹುದು. ನಿರ್ದೇಶಕರ ಮಾತು, ತಾಲೀಮಿನ ಚಿತ್ರ, ರಂಗಗೀತೆಯ ಧ್ವನಿ ಎಲ್ಲ ಅಲ್ಲಿರಲಿ. ಟಿಕೆಟ್ ಹಣದಲ್ಲಿ ಸಭಾಂಗಣದ ಬಾಡಿಗೆಯೂ ಹುಟ್ಟದ ಹವ್ಯಾಸಿ ತಂಡಕ್ಕೆ ಬಣ್ಣದ ಎಂಟು ಪುಟ ಅಚ್ಚು ಹಾಕಿಸು ಎನ್ನುವುದು ನ್ಯಾಯವಲ್ಲ.

ಆದರೆ ಎರಡೂ ಪಟ್ಟಿಗಳಿರುವ ಒಂದೇ ಹಾಳೆ, ಕಪ್ಪು ಬಿಳುಪಿನ ಜೆರಾಕ್ಸ್ ಆದರೂ ಸರಿ, ಪ್ರತಿ ನಾಟಕಕ್ಕೂ ಇರಲಿ. ಬೇಕೆಂದು ಕೇಳಿದವರಿಗಷ್ಟೇ ಕೊಡಲಿ. ನಾಲ್ಕು ಪ್ರತಿ ಊರಿನ ಗ್ರಂಥಾಲಯಕ್ಕೆ ಹೋಗಲಿ. ನಮ್ಮ ಅನೇಕ ಬ್ರೋಷರ್‌ಗಳಲ್ಲಿ ವಾರ, ತಾರೀಖು, ಸಂಜೆಯ ಹೊತ್ತು ಎಲ್ಲ ಇದ್ದು ಇಸವಿಯೇ ಇರುವುದಿಲ್ಲ. ಮುಂದಿನ ಹಾಳೆ ಅಚ್ಚಿಗೆ ಕಳಿಸುವವರು ದಯವಿಟ್ಟು ಅದನ್ನೊಂದು ಸೇರಿಸಿ.