ಲಾಫ್ಟಿನ ಆಟಿಕೆ ನೌಕೆ ಷೋಕೇಸಿಗೆ ಏರುವ ಬಗೆ

ಮುಂಬಯಿ ಮಹಾನಗರದ ಕನ್ನಡಿಗರ ಮನೆಗಳಲ್ಲಿ ಲಾಫ್ಟ್ ಎಂಬುದೊಂದು ಬೇರೆಯೇ ಲೋಕ. ಊರಿನಿಂದ ತಂದ ಹಿತ್ತಾಳೆ ಪಾತ್ರೆ, ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಉಳಿದ ಕಟ್ಟು, ಮಕ್ಕಳ ಹಳೆಯ ಶಾಲಾಪುಸ್ತಕ ಇವುಗಳ ನಡುವೆ ಒಂದು ಪೆಟ್ಟಿಗೆ ತುಂಬ ಆಟಿಕೆಗಳೂ ಇರುತ್ತವೆ. ಆಡಿದ ಮಕ್ಕಳು ಓದು ಮುಗಿಸಿ ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ ವರ್ಷಗಳಾಗಿರುತ್ತವೆ. ವಿದೇಶದಲ್ಲಿದ್ದ ಸೋದರಮಾವ ಅಕ್ಕರೆಯಿಂದ ತಂದುಕೊಟ್ಟಿದ್ದ ಬಾಹ್ಯಾಕಾಶ ನೌಕೆಯ ಒಂದು ಮೂಲೆ ಮುರಿದು, ಬ್ಯಾಟರಿ ಸೋರಿ, ತಂತಿ ಹಸಿರುಗಟ್ಟಿರುತ್ತದೆ. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುವ ಹೊತ್ತಿಗೆ ಇದನ್ನೇನು ಮಾಡುವುದೆಂಬ ಪ್ರಶ್ನೆ ಏಳುತ್ತದೆ. ಭಂಗಾರದವನಿಗೆ ಕೊಟ್ಟರೆ ಪ್ಲಾಸ್ಟಿಕ್ಕಿನ ತೂಕಕ್ಕೆ ಸಿಗುವಷ್ಟೇ ಹಣ.

ಆದರೆ ಜಗತ್ತಿನ ನಾನಾ ಕಡೆ ಇಂತಹ ಆಟಿಕೆಯನ್ನೇ ಬಿಚ್ಚಿ, ತಿದ್ದಿ, ಬಣ್ಣ ಹಚ್ಚಿ, ಒಳಗೆ ದೀಪ ಕೂರಿಸಿ, ಸಿನಿಮಾದಲ್ಲಿ ಕಂಡ ನೌಕೆಯೇ ಎದುರಿಗಿದೆಯೆನ್ನುವಂತೆ ಮಾಡುವ ಹವ್ಯಾಸಿಗಳ ದೊಡ್ಡ ಬಳಗವಿದೆ. ಇವರ ಕೈಗೆ ಅತಿ ಹೆಚ್ಚು ಸಿಕ್ಕ ಆಟಿಕೆಗಳಲ್ಲಿ 'ಸ್ಟಾರ್ ವಾರ್ಸ್' ಚಿತ್ರಮಾಲೆಯ 'ಮಿಲೇನಿಯಂ ಫಾಲ್ಕನ್' ಒಂದು. ದೋಸೆಯ ಹಾಗೆ ದುಂಡಗೆ ಚಪ್ಪಟೆಯಾಗಿದ್ದು, ಮುಂದೆ ಎರಡು ಕೊಂಬು, ಬಲಗಡೆ ಪಕ್ಕಕ್ಕೆ ಚಾಚಿದ ಚಾಲಕರ ಕೋಣೆ ಇರುವ ಆ ನೌಕೆಯನ್ನು ಚಿತ್ರ ನೋಡದವರೂ ಎಲ್ಲಾದರೂ ಕಂಡಿರುತ್ತಾರೆ.

ಬೆಳ್ಳಿತೆರೆಯ ನೌಕೆಯೂ ಕಿಟ್ಟಿನ ತುಣುಕೇ

1977ರ ಮೇ 25ರಂದು ಅಮೆರಿಕದಲ್ಲಿ ತೆರೆಕಂಡ ಈ ಚಿತ್ರಕ್ಕಾಗಿ ನಿರ್ದೇಶಕ ಜಾರ್ಜ್ ಲ್ಯೂಕಸ್ ಅವರು 1975ರಲ್ಲಿ 'ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್' ಎಂಬ ಕಾರ್ಯಾಗಾರವನ್ನು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ಆರಂಭಿಸಿದ್ದರು. ಕಂಪ್ಯೂಟರಿನಲ್ಲಿ ಚಿತ್ರ ಸೃಷ್ಟಿಸುವ ಕಾಲ ಅದಾಗಿರಲಿಲ್ಲ. ನೌಕೆಯೆಂದರೆ ಕೈಯಲ್ಲಿ ಕಟ್ಟಿದ ಮಾದರಿಯೇ ಆಗಬೇಕಿತ್ತು. ಫಾಲ್ಕನ್‌ಗೆ ಮೊದಲು ಬೇರೊಂದು ಉದ್ದನೆಯ ಆಕಾರ ಸಿದ್ಧವಾಗಿತ್ತಾದರೂ ಅದು 'ಸ್ಪೇಸ್: 1999' ಎಂಬ ಟಿವಿ ಧಾರಾವಾಹಿಯ ನೌಕೆಯನ್ನು ಹೋಲುತ್ತದೆಂದು ಕೈಬಿಟ್ಟು, ಜೋ ಜಾನ್‌ಸ್ಟನ್ ಅವರಿಂದ ದುಂಡನೆಯ ಹೊಸ ವಿನ್ಯಾಸ ಮಾಡಿಸಲಾಯಿತು. ಮೊದಲ ಮಾದರಿಯ ಉದ್ದ ಸುಮಾರು 5 ಅಡಿ. 1980ರ ಎರಡನೆಯ ಚಿತ್ರಕ್ಕೆ ಕ್ಯಾಮರಾದ ಮುಂದೆ ಆಡಿಸಲು ಸುಲಭವಾಗಲೆಂದು 32 ಇಂಚಿನ ಚಿಕ್ಕ ಮಾದರಿಯನ್ನೂ ಕಟ್ಟಿದರು.

ಆ ನೌಕೆಯ ಮೈಮೇಲಿನ ನೂರಾರು ಕೊಳವೆ, ಪೆಟ್ಟಿಗೆ, ಗಾಲಿ, ಜಾಲರಿಗಳು ಎಲ್ಲಿಂದ ಬಂದವು ಎನ್ನುವುದೇ ಸ್ವಾರಸ್ಯ. ಮಕ್ಕಳು ಅಂಟಿಸಿ ಜೋಡಿಸುವ ಟ್ಯಾಂಕು, ರೇಸ್ ಕಾರು, ವಿಮಾನ, ಯುದ್ಧನೌಕೆಗಳ ಕಿಟ್‌ಗಳನ್ನು ರಾಶಿಗಟ್ಟಲೆ ಕೊಂಡು, ಬೇಕಾದ ತುಣುಕುಗಳನ್ನು ಮುರಿದು ನೌಕೆಗೆ ಅಂಟಿಸಿದರು. ಟ್ಯಾಂಕಿನ ಚಕ್ರ ಅಲ್ಲಿ ಗಾಳಿಯಂತ್ರವಾಯಿತು, ಕಾರಿನ ಇಂಜಿನ್ ಪೈಪು ಅಲ್ಲಿ ಇಂಧನದ ನಾಳವಾಯಿತು. 'ಕಿಟ್‌ಬ್ಯಾಶಿಂಗ್' ಎಂದು ಕರೆಯಲಾಗುವ ಈ ಕೆಲಸದ ತಂಡವನ್ನು ಮುನ್ನಡೆಸಿದ ಗ್ರಾಂಟ್ ಮೆಕ್‌ಕ್ಯೂನ್ ಅವರು 1978ರಲ್ಲಿ ದೃಶ್ಯ ಪರಿಣಾಮಕ್ಕಾಗಿ ಬಂದ ಆಸ್ಕರ್ ಪ್ರಶಸ್ತಿಯನ್ನು ಸಹೋದ್ಯೋಗಿಗಳೊಂದಿಗೆ ಹಂಚಿಕೊಂಡರು. ಅಂಗಡಿಯ ಆಟಿಕೆಯಿಂದ ನೌಕೆ ಮಾಡಹೊರಟವರು ಸಂಕೋಚಪಡಬೇಕಾಗಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಬೇಕೆಂದರೆ ಇನ್ನೊಂದಿದೆ. 'ಸ್ಟಾರ್ ಟ್ರೆಕ್' ಧಾರಾವಾಹಿಯ 1967ರ 'ದಿ ಡೂಮ್ಸ್‌ಡೇ ಮೆಷಿನ್' ಕಂತಿಗೆ ಯುದ್ಧದಲ್ಲಿ ಜಜ್ಜಿಹೋದ ಎರಡನೆಯ ನೌಕೆಯೊಂದು ಬೇಕಾಗಿತ್ತು. ಅಂಗಡಿಯಲ್ಲಿ ಮಾರುತ್ತಿದ್ದ ಎಎಂಟಿ ಕಂಪೆನಿಯ 'ಎಂಟರ್‌ಪ್ರೈಸ್' ಕಿಟ್ಟನ್ನೇ ತಂದು ಸುಟ್ಟು ಕುಕ್ಕಿ ತೆರೆಯ ಮೇಲೆ ಓಡಿಸಿದರು. ಕಿಟ್ಟಿನೊಂದಿಗೆ ಬಂದಿದ್ದ 1701 ಎಂಬ ಅಂಕಿಗಳನ್ನೇ ಅದಲುಬದಲು ಮಾಡಿ 1017 ಎಂದು ಅಂಟಿಸಿದ್ದರಿಂದ ಹೊಸ ನೌಕೆಗೆ ಹೊಸ ಸಂಖ್ಯೆಯೂ ದೊರಕಿತು. ನಮ್ಮ ಸಂಘದ ನಾಟಕಗಳಲ್ಲಿ ಒಂದೇ ಕಿರೀಟ ಮೊದಲ ಅಂಕದಲ್ಲಿ ಧರ್ಮರಾಯನಿಗೂ ಎರಡನೆಯದರಲ್ಲಿ ವಿರಾಟನಿಗೂ ಒದಗಿದ್ದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ಕತ್ತರಿ ಹಾಕುವ ಮುನ್ನ

ಫಾಲ್ಕನ್ ಆಟಿಕೆಯನ್ನು ಅಮೆರಿಕದ ಸಿನ್ಸಿನಾಟಿಯ ಕೆನರ್ ಕಂಪೆನಿ 1979ರಲ್ಲಿ ಮಾರುಕಟ್ಟೆಗೆ ತಂದಿತು. ಚಿತ್ರ ಅಷ್ಟೊಂದು ಓಡೀತೆಂದು ಯಾರೂ ಎಣಿಸಿರಲಿಲ್ಲ. 1977ರ ಕ್ರಿಸ್‌ಮಸ್‌ಗೆ ಪಾತ್ರಗಳ ಗೊಂಬೆಗಳು ಸಿದ್ಧವಾಗದೆ, ಈ ಕಂಪೆನಿ ಗೊಂಬೆಗಳ ಬದಲು ಅವನ್ನು ಮುಂದೆ ಕಳುಹಿಸಿಕೊಡುವ ಪ್ರಮಾಣಪತ್ರವನ್ನು ಲಕೋಟೆಯಲ್ಲಿಟ್ಟು ಮಾರಿದ್ದು ಆಟಿಕೆ ಉದ್ಯಮದಲ್ಲಿ ಇಂದಿಗೂ ಹೇಳುವ ಕಥೆ. ಮುಂದೆ ಕೆನರ್ ಹಸ್ಬ್ರೊ ಕಂಪೆನಿಯ ಪಾಲಾಯಿತು. 2008ರಲ್ಲಿ ಹಸ್ಬ್ರೊ ಹೊರತಂದ ಎರಡೂವರೆ ಅಡಿಗೂ ಮಿಕ್ಕಿದ ಫಾಲ್ಕನ್, ತಿದ್ದುವ ಹವ್ಯಾಸಿಗಳ ಪಾಲಿಗೆ ಅಚ್ಚುಮೆಚ್ಚಿನದು.

ಇಲ್ಲಿಯೇ ಎಚ್ಚರ ಬೇಕು. ಹಳೆಯ ಕೆನರ್ ಆಟಿಕೆ ಪೆಟ್ಟಿಗೆ, ಬಿಡಿಭಾಗಗಳ ಸಮೇತ ಸುಸ್ಥಿತಿಯಲ್ಲಿದ್ದರೆ ಸಂಗ್ರಾಹಕರು ಅದಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ. ಒಮ್ಮೆ ವಾಟರ್ ಪೇಪರ್ ಉಜ್ಜಿದರೆ, ಒಂದು ಕೋಟು ಬಣ್ಣ ಬಿದ್ದರೆ ಆ ಬೆಲೆ ಮರಳಿ ಬರುವುದಿಲ್ಲ. ಆದ್ದರಿಂದ ಮುರಿದ, ಭಾಗ ಕಳೆದುಹೋದ ಆಟಿಕೆಯನ್ನೇ ಈ ಕೆಲಸಕ್ಕೆ ಆರಿಸಬೇಕು. ಇನ್ನೊಂದು ಮಾತು: ಆಟಿಕೆ ನಿಮ್ಮ ಲಾಫ್ಟಿನಲ್ಲಿದ್ದರೂ ಅದು ಮಗನದೋ ಮಗಳದೋ ಆಗಿರುತ್ತದೆ. ಪೆಟ್ಟಿಗೆ ಇಳಿಸಿದ ಕೂಡಲೇ ಅವರಿಗೊಂದು ಫೋನ್ ಮಾಡಿ ಕೇಳುವುದು ಒಳ್ಳೆಯದು. ಮೂಲೆ ಮುರಿದ ಹಾಗೆಯೇ ಅದು ಇರಲಿ ಎಂದು ಅವರು ಹೇಳಿದರೆ ಹಾಗೆಯೇ ಇರಲಿ.

ಮುಂದಿನ ಪ್ರಶ್ನೆ ಯಾವ ಚಿತ್ರದ ಫಾಲ್ಕನ್ ಎಂಬುದು. 1977ರಲ್ಲಿ ಅದಕ್ಕೆ ಮೂರು ಕಾಲುಗಳಿದ್ದವು, 1980ರ ಚಿತ್ರದಲ್ಲಿ ಐದಾದವು. ಬೆನ್ನಿನ ಮೇಲಿನ ದುಂಡು ತಟ್ಟೆ 1983ರ ಚಿತ್ರದಲ್ಲಿ ಬಡಿದು ಕಳಚಿಹೋಗುತ್ತದೆ. 2015ರ ಚಿತ್ರದಲ್ಲಿ ಅದರ ಜಾಗದಲ್ಲಿ ಆಯತಾಕಾರದ ತಟ್ಟೆ ಕಾಣುತ್ತದೆ. ಇದನ್ನು ಮೊದಲೇ ನಿಶ್ಚಯಿಸದೆ ಹೊರಟರೆ ಕಾಲು ಒಂದು ಚಿತ್ರದ್ದು, ತಟ್ಟೆ ಇನ್ನೊಂದು ಚಿತ್ರದ್ದು ಆಗಿ ಬಲ್ಲವರು ನಗುತ್ತಾರೆ.

ಅಳತೆಯ ವಿಷಯದಲ್ಲಿ ಮಾತ್ರ ಆಟಿಕೆ ಸುಳ್ಳು ಹೇಳಲೇಬೇಕು. ಕಥೆಯ ಪ್ರಕಾರ ನೌಕೆಯ ಉದ್ದ ಸುಮಾರು 34 ಮೀಟರ್. ಗೊಂಬೆಗಳ ಎತ್ತರ ಮುಕ್ಕಾಲು ಕೂಡಿದ 3 ಇಂಚು, ಎಂದರೆ ಮನುಷ್ಯನ ಸರಿಸುಮಾರು 18ನೇ ಒಂದು ಭಾಗ. ಆ ಲೆಕ್ಕ ಹಿಡಿದರೆ ಆಟಿಕೆ ಆರಡಿಗಿಂತಲೂ ಉದ್ದವಾಗಬೇಕಿತ್ತು. ಎರಡೂವರೆ ಅಡಿಯ ಆಟಿಕೆಯಲ್ಲಿ ಗೊಂಬೆ ಕೂರಬೇಕಾದರೆ ಚಾಲಕರ ಕೋಣೆಯನ್ನು ಹಿಗ್ಗಿಸದೆ ಬೇರೆ ದಾರಿಯಿಲ್ಲ. ಕೆಲವು ಹಠವಾದಿಗಳು ಆ ಕೋಣೆಯನ್ನು ಕತ್ತರಿಸಿ ಚಿಕ್ಕದಾಗಿ ಹೊಸದು ಕಟ್ಟುತ್ತಾರೆ. ಮೊದಲ ಸಲ ಕೈಹಾಕುವವರಿಗೆ ಆ ಸಾಹಸ ಬೇಡ.

ಚೌಕಿಯ ಕೆಲಸವೇ ಇದೂ

ಬಿಚ್ಚಿದ ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಬಳಸುವ ಜಿಡ್ಡು ಮತ್ತು ಕೈಯ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಸ್ಕ್ರೂ ತೂತು, ಜೋಡಣೆಯ ಬಿರುಕುಗಳಿಗೆ ಎಂ-ಸೀಲ್ ಅಥವಾ ಪುಟ್ಟಿ ತುಂಬಿ, 400 ನಂಬರಿನ ವಾಟರ್ ಪೇಪರಿನಿಂದ ಆರಂಭಿಸಿ 1000ದವರೆಗೆ ನೀರು ಹಚ್ಚಿಯೇ ಉಜ್ಜಬೇಕು. ನೀರಿದ್ದರೆ ಪ್ಲಾಸ್ಟಿಕ್ ಧೂಳು ಮೂಗಿಗೆ ಹೋಗುವುದಿಲ್ಲ. ಆಟಿಕೆಯಲ್ಲಿ ಫಲಕಗಳ ಗೆರೆಗಳು ಮಕ್ಕಳ ಕೈಗೆ ಒಗ್ಗುವಂತೆ ದಪ್ಪವಾಗಿರುತ್ತವೆ. ಅವನ್ನು ಮುಚ್ಚಿ, ಉಕ್ಕಿನ ಸ್ಕೇಲು ಹಿಡಿದು ಸೂಜಿಮೊನೆಯಿಂದ ತೆಳುವಾಗಿ ಗೀರಿಕೊಳ್ಳುವವರಿದ್ದಾರೆ.

ಮೈಮೇಲಿನ ವಿವರಗಳಿಗೆ ಕಿಟ್ ಕೊಳ್ಳಲೇಬೇಕೆಂದಿಲ್ಲ. ಕೆಟ್ಟ ಪ್ರಿಂಟರಿನ ಹಲ್ಲುಗಾಲಿ, ಹಳೆಯ ಕೈಗಡಿಯಾರದ ಒಳಭಾಗ, ಬಾಲ್‌ಪೆನ್ನಿನ ಸ್ಪ್ರಿಂಗ್, ತೆಳು ವಿದ್ಯುತ್ ತಂತಿ ಎಲ್ಲವೂ ಆಗುತ್ತವೆ. ಅವಧಿ ಮುಗಿದ ಎಟಿಎಂ ಕಾರ್ಡು ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪವಿದ್ದು, ಕತ್ತರಿಸಿದರೆ ಚೊಕ್ಕ ಫಲಕಗಳು ಸಿಗುತ್ತವೆ. ಫೆವಿಕ್ವಿಕ್‌ನಂತಹ ಅಂಟನ್ನು ಪಾರದರ್ಶಕ ಗಾಜಿನ ಹತ್ತಿರ ಮಾತ್ರ ತರಬಾರದು, ಅದರ ಆವಿಗೆ ಗಾಜು ಬೆಳ್ಳಗೆ ಮಸುಕಾಗುತ್ತದೆ.

ಬಣ್ಣದ ಕ್ರಮ ಯಕ್ಷಗಾನದ ಚೌಕಿ ಕಂಡವರಿಗೆ ಹೊಸದಲ್ಲ. ಅಲ್ಲಿ ಮುಖಕ್ಕೆ ಮೊದಲು ತಳಬಣ್ಣ, ಮೇಲೆ ಗೆರೆ, ಕೊನೆಗೆ ಚುಟ್ಟಿ ಇರುವಂತೆ ಇಲ್ಲಿಯೂ ಮೊದಲು ಬೂದು ಪ್ರೈಮರ್, ಅದರ ಮೇಲೆ ನಸುಬೂದು ಮಿಶ್ರಿತ ಬಿಳಿ, ಬಳಿಕ ಅಲ್ಲೊಂದು ಇಲ್ಲೊಂದು ಫಲಕಕ್ಕೆ ಮಾಸಿದ ಕೆಂಪು, ಹಳದಿ, ಕಡುಬೂದು. ಅನಂತರ ಕಪ್ಪು ಕಂದು ಬಣ್ಣವನ್ನು ನೀರಾಗಿ ಕರಗಿಸಿ ಹರಿಯಬಿಟ್ಟು ಬಟ್ಟೆಯಿಂದ ಒರೆಸಿದರೆ ಗೆರೆಗಳಲ್ಲಷ್ಟೇ ಕಪ್ಪು ಉಳಿಯುತ್ತದೆ. ಕುಂಚದ ಬಣ್ಣವನ್ನೆಲ್ಲ ಕಾಗದಕ್ಕೆ ಒರೆಸಿ, ಒಣಗಿದಂತಿರುವಾಗ ಉಬ್ಬುಗಳ ಮೇಲೆ ಸವರಿದರೆ ಅಂಚುಗಳು ಎದ್ದು ಕಾಣುತ್ತವೆ. ಚಾಕ್‌ಪೀಸಿನ ಪುಡಿ ಮಸಿ ಹಿಡಿದ ಗುರುತಿಗೆ ಸಾಕು. ಕೊನೆಗೆ ಹೊಳಪಿಲ್ಲದ ವಾರ್ನಿಷ್. ಹೊಸಬರು ತಪ್ಪುವುದು ಹೆಚ್ಚಾಗಿ ಕೊಳೆ ಹಚ್ಚುವಲ್ಲಿ. ನೌಕೆ ಹಳೆಯದಾಗಿ ಕಾಣಬೇಕೇ ಹೊರತು ಗ್ಯಾರೇಜಿನಲ್ಲಿ ಬಿದ್ದುಕೊಂಡಂತೆ ಅಲ್ಲ.

ಮುಂಬಯಿ ಕರಾವಳಿಯ ಕನ್ನಡಿಗರು ಒಂದನ್ನು ನೆನಪಿಡಬೇಕು. ಮಳೆಗಾಲದ ತೇವದ ಗಾಳಿಯಲ್ಲಿ ಲ್ಯಾಕರ್ ಸ್ಪ್ರೇ ಹೊಡೆದರೆ ಬಣ್ಣದ ಮೇಲೆ ಹಾಲಿನ ಕೆನೆಯಂತೆ ಬಿಳಿ ಪೊರೆ ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸುವ, ಉಜ್ಜುವ, ತಂತಿ ಜೋಡಿಸುವ ಕೆಲಸ ಮುಗಿಸಿಕೊಂಡು ಬಣ್ಣವನ್ನು ದೀಪಾವಳಿಯ ಅನಂತರಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ಸ್ಪ್ರೇ ಹೊಡೆಯುವಾಗ ಬಾಲ್ಕನಿ, ಮಾಸ್ಕ್ ಎರಡೂ ಬೇಕು. ಅಡುಗೆಮನೆಯ ಗ್ಯಾಸಿನ ಹತ್ತಿರವಂತೂ ಸುಳಿಯಬಾರದು.

ದೀಪದ ಲೆಕ್ಕ

ಹಿಂಭಾಗದ ಉದ್ದನೆಯ ನೀಲಿ ಬೆಳಕೇ ಫಾಲ್ಕನ್‌ನ ಪ್ರಾಣ. ಆಟಿಕೆಯೊಳಗಿನ ಹಳೆಯ ಬಲ್ಬನ್ನು ತೆಗೆದು ಎಲ್‌ಇಡಿ ಹಾಕಬೇಕು. ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು 3 ವೋಲ್ಟ್, 20 ಮಿಲಿಆಂಪಿಯರ್. 9 ವೋಲ್ಟಿನ ಬ್ಯಾಟರಿಯಾದರೆ ಉಳಿಯುವ 6 ವೋಲ್ಟನ್ನು 0.02ರಿಂದ ಭಾಗಿಸಿದಾಗ 300 ಬರುತ್ತದೆ. ಅಂಗಡಿಯಲ್ಲಿ ಸಿಗುವ 330 ಓಮ್ ರೆಸಿಸ್ಟರ್ ಒಂದನ್ನು ಸೇರಿಸಿದರಾಯಿತು. ಅದಿಲ್ಲದೆ ನೇರ ಜೋಡಿಸಿದರೆ ದೀಪ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಇಂತಹ ಸಾಮಾನಿಗೆ ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡ್, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ದೆಹಲಿಯಲ್ಲಿ ಲಜಪತ್ ರಾಯ್ ಮಾರ್ಕೆಟ್, ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇವೆ.

ದೀಪ ಹತ್ತಿಸಿದಾಗ ಇಡೀ ನೌಕೆ ಗೂಡುದೀಪದಂತೆ ಒಳಗಿನಿಂದ ಹೊಳೆದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬಿಳಿ ಪ್ಲಾಸ್ಟಿಕ್ ಬೆಳಕನ್ನು ತಡೆಯದು. ಆದ್ದರಿಂದ ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಬೆಳ್ಳಿಬಣ್ಣ ಹೊಡೆಯಬೇಕು. ಕಪ್ಪು ಬೆಳಕನ್ನು ತಡೆಯುತ್ತದೆ, ಬೆಳ್ಳಿ ಅದನ್ನು ಬೇಕಾದ ಕಡೆಗೆ ತಿರುಗಿಸುತ್ತದೆ.

ಸಿದ್ಧವಾದ ಮೇಲೂ ಹೆಚ್ಚು ತಿದ್ದಬಾರದೆನ್ನುವುದಕ್ಕೆ 'ಎಂಟರ್‌ಪ್ರೈಸ್'ನ ಮೂಲ ಮಾದರಿಯೇ ನಿದರ್ಶನ. 11 ಅಡಿಯ ಆ ಮಾದರಿ 1974ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಸೇರಿತು. 1991ರ ದುರಸ್ತಿಯಲ್ಲಿ ಅದರ ಮೈಮೇಲೆ ಎಳೆದ ಗಾಢ ಗೆರೆಗಳನ್ನು ಅಭಿಮಾನಿಗಳು ಒಪ್ಪಲೇ ಇಲ್ಲ. ಪುಣ್ಯಕ್ಕೆ ತಟ್ಟೆಯ ಮೇಲ್ಭಾಗದ 1960ರ ದಶಕದ ಬಣ್ಣವನ್ನು ಆಗ ಮುಟ್ಟಿರಲಿಲ್ಲ. ಉಳಿದಿದ್ದ ಆ ಭಾಗ ಮೂಲ ಬಣ್ಣಕ್ಕೆ ಆಧಾರವಾಗಿ, 2016ರಲ್ಲಿ ಮಾದರಿ ಮತ್ತೆ ಹಳೆಯ ರೂಪದಲ್ಲಿ ಪ್ರದರ್ಶನಕ್ಕೆ ಬಂತು. ಮನೆಯಲ್ಲಿ ಕೆಲಸ ಮಾಡುವವರೂ ಬಿಚ್ಚುವ ಮುನ್ನ ಎಲ್ಲ ಕಡೆಯಿಂದ ಫೋಟೊ ತೆಗೆದು, ಕಳಚಿದ ಮೂಲ ಭಾಗಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಇಡುವುದು ಲೇಸು.

ಷೋಕೇಸಿಗೆ ಗಾಜಿನ ಬಾಗಿಲಿರಲಿ, ನೇರ ಬಿಸಿಲು ಬೀಳದಿರಲಿ. ಬಿಸಿಲಿಗೆ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಧೂಳನ್ನು ಬಟ್ಟೆಯಿಂದ ಒರೆಸಿದರೆ ಅಂಟಿಸಿದ ತುಣುಕುಗಳು ಕಿತ್ತು ಬರುತ್ತವೆ. ಪ್ರಸಾಧನದ ಮೆತ್ತನೆಯ ಬ್ರಷ್ ಅದಕ್ಕೆ ತಕ್ಕದ್ದು. ಬ್ಯಾಟರಿಯನ್ನು ತಳದಲ್ಲಿ ಕೈಗೆ ಸಿಗುವಂತೆ ಇರಿಸಿ, ಪ್ರದರ್ಶನ ಮುಗಿದ ರಾತ್ರಿಯೇ ಹೊರತೆಗೆದಿಡಬೇಕು.