ಜೋಡಿಸಿದ ಕಟ್ಟಡ ಮಾದರಿಗಳು: ಯಾರ ಟಿಪ್ಪಣಿ ಯಾರಿಗೆ ಕಾಣಬೇಕು?

ದೊಡ್ಡ ಕಟ್ಟಡವೊಂದರ ವಿನ್ಯಾಸ ಇಂದು ಒಂದೇ ಕಡತದಲ್ಲಿ ನಡೆಯುವುದಿಲ್ಲ. ಗೋಡೆ, ಬಾಗಿಲು, ಕೋಣೆಗಳ ಮಾದರಿಯನ್ನು ವಾಸ್ತುಶಿಲ್ಪಿಯೂ, ಕಂಬ, ತೊಲೆ, ಅಡಿಪಾಯಗಳ ಮಾದರಿಯನ್ನು ಸ್ಟ್ರಕ್ಚರಲ್ ಎಂಜಿನಿಯರರೂ, ಗಾಳಿಯ ಡಕ್ಟ್, ನೀರಿನ ಪೈಪು, ವಿದ್ಯುತ್ ಕೇಬಲ್‌ಗಳ ಮಾದರಿಯನ್ನು ಆಯಾ ಸೇವೆಗಳ ಎಂಜಿನಿಯರರೂ ತಂತಮ್ಮ ಕಡತಗಳಲ್ಲಿ ರೂಪಿಸುತ್ತಾರೆ; ಬಳಿಕ ಪ್ರತಿಯೊಬ್ಬರೂ ಇತರರ ಕಡತಗಳನ್ನು ತಮ್ಮದರೊಳಗೆ ಲಿಂಕ್ ಮಾಡಿಕೊಂಡು, ಇಡೀ ಕಟ್ಟಡವನ್ನು ಒಟ್ಟಿಗೆ ನೋಡುತ್ತ ಕೆಲಸ ಮುಂದುವರಿಸುತ್ತಾರೆ. ಹೀಗೆ ಬರಮಾಡಿಕೊಳ್ಳುವ ಕಡತಕ್ಕೆ ಹೋಸ್ಟ್ ಎಂದೂ, ಬಂದು ಸೇರುವ ಕಡತಕ್ಕೆ ಲಿಂಕ್ ಎಂದೂ ಹೆಸರು. ಲಿಂಕ್ ಆದ ಕಡತವನ್ನು ಹೋಸ್ಟ್‌ನಲ್ಲಿ ನೋಡಬಹುದು, ಅದರ ಮೇಲೆ ಅಳತೆ ಹಿಡಿಯಬಹುದು, ಆದರೆ ಅಲ್ಲಿಂದಲೇ ತಿದ್ದಲಾಗದು. ತಿದ್ದುವ ಹಕ್ಕು ಅದನ್ನು ರಚಿಸಿದವರ ಬಳಿಯೇ ಉಳಿಯುತ್ತದೆ.

ಗೋಡೆ, ಕಂಬಗಳ ಮಟ್ಟಿಗೆ ಈ ಏರ್ಪಾಡು ಸುಲಭವಾಗಿಯೇ ನಡೆದುಹೋಗುತ್ತದೆ, ಏಕೆಂದರೆ ಕಂಬವೊಂದು ಯಾರ ಕಡತದಿಂದ ನೋಡಿದರೂ ಅದೇ ಕಂಬ. ತೊಡಕು ಬರುವುದು ನಕ್ಷೆಯ ಮೇಲಿನ ಬರಹದಲ್ಲಿ. ಅಳತೆಗಳು, ಕೋಣೆಯ ಹೆಸರುಗಳು, ಬಾಗಿಲಿನ ಸಂಖ್ಯೆಗಳು, ಬಾಣದ ಗುರುತಿನೊಂದಿಗೆ ಬರುವ ಸೂಚನೆಗಳು, ಇವನ್ನೆಲ್ಲ ಒಟ್ಟಾಗಿ ಟಿಪ್ಪಣಿಗಳೆಂದು ಕರೆಯಬಹುದು. ಐದು ತಂಡಗಳ ಟಿಪ್ಪಣಿಗಳು ಒಂದೇ ಹಾಳೆಯಲ್ಲಿ ಮೂಡಿದರೆ ಯಾವುದನ್ನೂ ಓದಲಾಗದು; ಎಲ್ಲವನ್ನೂ ಮರೆಮಾಡಿದರೆ ನಕ್ಷೆ ಬರಿಯ ಗೆರೆಗಳ ಗುಂಪಾಗುತ್ತದೆ. ಇವೆರಡರ ನಡುವೆ ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂದು ನಿರ್ಧರಿಸುವುದು ಸಾಫ್ಟ್‌ವೇರಿನ ಗುಂಡಿ ಒತ್ತುವ ಕೆಲಸವಾಗಿ ತೋರಿದರೂ, ವಾಸ್ತವದಲ್ಲಿ ಅದು ಯಾವ ಮಾತಿಗೆ ಯಾರು ಹೊಣೆ ಎಂಬುದನ್ನು ನಿರ್ಧರಿಸುವ ಕೆಲಸ.

ಟಿಪ್ಪಣಿ ಕಟ್ಟಡದ ಭಾಗವಲ್ಲ, ಕಟ್ಟಡದ ಕುರಿತು ಓದುಗನಿಗೆ ಹೇಳುವ ಮಾತು ಎಂಬುದು ಅದರ ಗಾತ್ರದಲ್ಲಿಯೇ ಗೊತ್ತಾಗುತ್ತದೆ. ಗೋಡೆಯ ದಪ್ಪ 200 ಮಿಲಿಮೀಟರ್ ಎಂದಾದರೆ 1:100ರ ನಕ್ಷೆಯಲ್ಲಿ ಅದು 2 ಮಿಲಿಮೀಟರ್, 1:50ರ ನಕ್ಷೆಯಲ್ಲಿ 4 ಮಿಲಿಮೀಟರ್ ಆಗಿ ಕಾಣುತ್ತದೆ. ಅಕ್ಷರ ಹಾಗಲ್ಲ, ಅದು ಯಾವ ಪ್ರಮಾಣದ ನಕ್ಷೆಯಲ್ಲೇ ಇರಲಿ, ಕಾಗದದ ಮೇಲೆ ಓದಲು ತಕ್ಕ ಒಂದೇ ಎತ್ತರದಲ್ಲಿರಬೇಕು. ತಾಂತ್ರಿಕ ನಕ್ಷೆಗಳ ಅಕ್ಷರಗಳಿಗೆ ಸಂಬಂಧಿಸಿದ ಐಎಸ್‌ಒ 3098 ಮಾನಕವು 1.8, 2.5, 3.5, 5 ಮಿಲಿಮೀಟರ್ ಎಂಬ ಏರಿಕೆಯಲ್ಲಿ ಎತ್ತರಗಳನ್ನು ನಿಗದಿಪಡಿಸುತ್ತದೆ. 2.5 ಮಿಲಿಮೀಟರ್ ಎತ್ತರದ ಅಕ್ಷರವು 1:100ರ ನಕ್ಷೆಯಲ್ಲಿ ಕಟ್ಟಡದ 250 ಮಿಲಿಮೀಟರಿನಷ್ಟು ಜಾಗವನ್ನೂ, 1:50ರಲ್ಲಿ 125 ಮಿಲಿಮೀಟರಿನಷ್ಟು ಜಾಗವನ್ನೂ ಆಕ್ರಮಿಸುತ್ತದೆ. ಆದ್ದರಿಂದ ಒಂದು ಪ್ರಮಾಣಕ್ಕೆ ಅಚ್ಚುಕಟ್ಟಾಗಿ ಜೋಡಿಸಿದ ಬರಹ ಇನ್ನೊಂದು ಪ್ರಮಾಣದಲ್ಲಿ ಒಂದರ ಮೇಲೊಂದು ಬೀಳುತ್ತದೆ. ಈ ಕಾರಣಕ್ಕಾಗಿಯೇ ಕಟ್ಟಡ ಮಾದರಿಯ ಸಾಫ್ಟ್‌ವೇರುಗಳು ಟಿಪ್ಪಣಿಯನ್ನು ಇಡೀ ಮಾದರಿಗೆ ಅಂಟಿಸದೆ, ಅದನ್ನು ಬರೆದ ಆ ಒಂದು ವ್ಯೂಗೆ, ಅಂದರೆ ಮಾದರಿಯನ್ನು ನೋಡುವ ಆ ಒಂದು ನೋಟಕ್ಕೆ ಮಾತ್ರ ಸೇರಿಸಿಡುತ್ತವೆ. ಎರಡನೆಯ ಮಹಡಿಯ ನಕ್ಷೆಯಲ್ಲಿ ಬರೆದ ಅಳತೆ ಅದೇ ಮಹಡಿಯ ಇನ್ನೊಂದು ವ್ಯೂನಲ್ಲಿ ಕೂಡ ಕಾಣುವುದಿಲ್ಲ.

ಈ ವಿಂಗಡಣೆ ಕಂಪ್ಯೂಟರಿಗಿಂತ ಹಳೆಯದು. 1970ರ ದಶಕದ ವಿನ್ಯಾಸ ಕಚೇರಿಗಳಲ್ಲಿ ಪಾರದರ್ಶಕ ಪಾಲಿಯೆಸ್ಟರ್ ಹಾಳೆಗಳ ಅಂಚಿನಲ್ಲಿ ನಿಖರವಾದ ರಂಧ್ರಗಳನ್ನು ಕೊರೆದು, ಲೋಹದ ಪಟ್ಟಿಯ ಮೇಲಿನ ಮೊಳೆಗಳಿಗೆ ಅವನ್ನು ಸಿಕ್ಕಿಸಿ, ಕಟ್ಟಡದ ಮೂಲನಕ್ಷೆ ಒಂದು ಹಾಳೆಯಲ್ಲಿ, ಪೈಪುಗಳು ಮತ್ತೊಂದರಲ್ಲಿ, ಅಳತೆ ಮತ್ತು ಬರಹ ಮಗದೊಂದರಲ್ಲಿ ಎಂದು ಪದರಪದರವಾಗಿ ಬಿಡಿಸುವ ಪಿನ್‌ಬಾರ್ ಪದ್ಧತಿ ಬಳಕೆಯಲ್ಲಿತ್ತು. ಮುದ್ರಿಸುವ ವೇಳೆಗೆ ಬೇಕಾದ ಹಾಳೆಗಳನ್ನಷ್ಟೇ ಒಟ್ಟುಗೂಡಿಸಿದರೆ ಸಾಕಾಗಿತ್ತು. 1982ರಲ್ಲಿ ಬಂದ ಆಟೋಕ್ಯಾಡ್ ಇದೇ ತತ್ತ್ವವನ್ನು ಲೇಯರ್ ಎಂಬ ಹೆಸರಿನಲ್ಲಿ ಮುಂದುವರಿಸಿತು. ಕಟ್ಟಡವನ್ನು ಗೆರೆಗಳ ಬದಲು ಗೋಡೆ, ತೊಲೆ ಎಂಬ ವಸ್ತುಗಳಾಗಿಯೇ ಕಂಪ್ಯೂಟರಿನಲ್ಲಿ ದಾಖಲಿಸುವ ಚಿಂತನೆಯನ್ನು ಚಾರ್ಲ್ಸ್ ಈಸ್ಟ್‌ಮನ್ ಮತ್ತು ಸಂಗಡಿಗರು 1970ರ ದಶಕದ ಮಧ್ಯಭಾಗದಲ್ಲಿಯೇ ಮಂಡಿಸಿದ್ದರು. ಅಂಥ ಮಾದರಿಯನ್ನು ದಿನನಿತ್ಯದ ಕಚೇರಿ ಕೆಲಸಕ್ಕೆ ತಂದ ಸಾಫ್ಟ್‌ವೇರುಗಳಲ್ಲಿ 2000ದಲ್ಲಿ ಹೊರಬಂದು 2002ರಲ್ಲಿ ಆಟೋಡೆಸ್ಕ್ ಸಂಸ್ಥೆಯ ಪಾಲಾದ ರೆವಿಟ್ ಪ್ರಮುಖವಾದದ್ದು. ಮುಂದಿನ ವಿವರಣೆ ರೆವಿಟ್‌ನ ಕ್ರಮವನ್ನು ಆಧರಿಸಿದೆ.

ರೆವಿಟ್‌ನಲ್ಲಿ ಲಿಂಕ್ ಆದ ಕಡತವೊಂದು ಹೋಸ್ಟ್‌ನ ವ್ಯೂನಲ್ಲಿ ಹೇಗೆ ಕಾಣಬೇಕು ಎಂಬುದಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ಬೇರೇನೂ ಹೇಳದಿದ್ದಾಗ ತಾನಾಗಿ ಜಾರಿಯಲ್ಲಿರುವ ಬೈ ಹೋಸ್ಟ್ ವ್ಯೂ: ಇಲ್ಲಿ ಹೋಸ್ಟ್‌ನ ನಿಯಮಗಳೇ ಲಿಂಕ್‌ಗೂ ಅನ್ವಯಿಸುತ್ತವೆ, ಅದರ ಗೋಡೆ ಕಂಬಗಳು ಕಾಣುತ್ತವೆ, ಆದರೆ ಅದರ ಅಳತೆ, ಟ್ಯಾಗ್, ಪಠ್ಯಗಳು ಕಾಣುವುದಿಲ್ಲ. ಎರಡನೆಯದು ಬೈ ಲಿಂಕ್ಡ್ ವ್ಯೂ: ಲಿಂಕ್ ಕಡತದೊಳಗಿನ ನಿರ್ದಿಷ್ಟ ವ್ಯೂ ಒಂದನ್ನು ಆರಿಸಿದರೆ, ಆ ತಂಡ ಆ ವ್ಯೂನಲ್ಲಿ ಏನನ್ನು ತೋರಿಸಿದೆಯೋ ಅದೆಲ್ಲವೂ ಟಿಪ್ಪಣಿಗಳ ಸಮೇತ ಹೋಸ್ಟ್‌ಗೆ ಬರುತ್ತದೆ. ಮೂರನೆಯದು ಕಸ್ಟಮ್: ಮಾದರಿಯ ವಸ್ತುಗಳು ಹೋಸ್ಟ್‌ನ ನಿಯಮದಂತೆ, ಟಿಪ್ಪಣಿಗಳು ಲಿಂಕ್‌ನ ವ್ಯೂನಂತೆ, ಅವುಗಳಲ್ಲೂ ಅಳತೆ ಬೇಕು, ಪಠ್ಯ ಬೇಡ ಎಂಬಂತೆ ವರ್ಗವರ್ಗವಾಗಿ ಬಿಡಿಸಿ ಹೇಳುವ ಅವಕಾಶ ಇದರಲ್ಲಿದೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಎರಡನೆಯ ದಾರಿಯಲ್ಲಿ. ಆಸ್ಪತ್ರೆಯೊಂದರ ಹವಾನಿಯಂತ್ರಣದ ನಕ್ಷೆ ಸಿದ್ಧವಾಗುತ್ತಿದೆ ಎಂದುಕೊಳ್ಳೋಣ. ಕೋಣೆಯ ಹೆಸರುಗಳಿಲ್ಲದೆ ಡಕ್ಟ್ ಯಾವ ವಾರ್ಡಿಗೆ ಹೋಗುತ್ತಿದೆ ಎಂಬುದು ತಿಳಿಯದು. ಆದ್ದರಿಂದ ಎಂಜಿನಿಯರ್ ವಾಸ್ತುಶಿಲ್ಪಿಯ ಕಡತದಿಂದ ಮೊದಲ ಮಹಡಿಯ ವ್ಯೂ ಒಂದನ್ನು ಆರಿಸಿಕೊಳ್ಳುತ್ತಾರೆ. ಕೋಣೆಯ ಹೆಸರುಗಳೇನೋ ಬರುತ್ತವೆ, ಆದರೆ ಅವುಗಳ ಹಿಂದೆಯೇ ಗೋಡೆಗಳ ಸಾಲುಸಾಲು ಅಳತೆಗಳೂ, ನೆಲಹಾಸಿನ ಸೂಚನೆಗಳೂ, ಕಿಟಕಿಯ ಸಂಖ್ಯೆಗಳೂ ಬಂದು ಡಕ್ಟಿನ ಮೇಲೆ ಕೂರುತ್ತವೆ. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದು ತಡವಾಗಿ. ಕಚೇರಿಗಳಲ್ಲಿ ಹತ್ತಾರು ನಕ್ಷೆಗಳು ಒಂದೇ ರೀತಿ ಕಾಣಲೆಂದು ವ್ಯೂ ಟೆಂಪ್ಲೇಟ್ ಎಂಬ ಸಾಮಾನ್ಯ ಅಚ್ಚನ್ನು ಎಲ್ಲಕ್ಕೂ ಹಾಕುತ್ತಾರೆ. ಆ ಟೆಂಪ್ಲೇಟ್ ಲಿಂಕ್‌ಗಳ ಗೋಚರತೆಯನ್ನೂ ನಿಯಂತ್ರಿಸುವಂತಿದ್ದರೆ, ಅದರಲ್ಲಿ ಆರಿಸಿದ ಲಿಂಕ್ ವ್ಯೂ ಒಂದೇ ಆಗಿರುವುದರಿಂದ, ಮೊದಲ ಮಹಡಿಗೆಂದು ಆರಿಸಿದ್ದು ಎರಡನೆಯ, ಮೂರನೆಯ ಮಹಡಿಯ ನಕ್ಷೆಗಳಿಗೂ ಅಂಟಿಕೊಳ್ಳುತ್ತದೆ. ಆಸ್ಪತ್ರೆಯ ಮಹಡಿಗಳು ಒಂದನ್ನೊಂದು ಹೋಲುವುದು ಸಹಜವಾದ್ದರಿಂದ ತಪ್ಪು ಥಟ್ಟನೆ ಎದ್ದು ಕಾಣುವುದೂ ಇಲ್ಲ. ಮಹಡಿವಾರು ಲಿಂಕ್ ವ್ಯೂಗಳನ್ನು ಬಳಸುವಲ್ಲಿ ಟೆಂಪ್ಲೇಟಿನಿಂದ ಲಿಂಕ್‌ಗಳ ಆಯ್ಕೆಯನ್ನು ತೆಗೆದು, ಪ್ರತಿ ವ್ಯೂಗೂ ಪ್ರತ್ಯೇಕವಾಗಿ ಹೊಂದಿಸುವುದೇ ಇದಕ್ಕೆ ಪರಿಹಾರ. ಶ್ರಮ ಹೆಚ್ಚಾದರೂ ಇದನ್ನು ತಪ್ಪಿಸಿಕೊಳ್ಳಬಾರದು.

ಅನುಭವಿ ತಂಡಗಳು ಇದಕ್ಕೂ ಮೊದಲೇ ಒಂದು ಒಪ್ಪಂದಕ್ಕೆ ಬರುತ್ತವೆ. ಇತರರು ಲಿಂಕ್ ಮಾಡಿಕೊಳ್ಳಲೆಂದೇ ವಾಸ್ತುಶಿಲ್ಪಿ ತಮ್ಮ ಕಡತದಲ್ಲಿ ಮಹಡಿಗೊಂದರಂತೆ ಪ್ರತ್ಯೇಕ ವ್ಯೂಗಳನ್ನು ಇಟ್ಟು, ಅವುಗಳಲ್ಲಿ ಕೋಣೆಯ ಹೆಸರು ಮತ್ತು ಸಂಖ್ಯೆಯನ್ನಷ್ಟೇ ಉಳಿಸಿ, ಪ್ರಮಾಣವನ್ನು ಪಡೆಯುವ ತಂಡದ ನಕ್ಷೆಗೆ ಹೊಂದಿಸಿ, ವ್ಯೂಗಳ ಹೆಸರನ್ನು ಯಾರೂ ಬದಲಿಸದಂತೆ ನೋಡಿಕೊಳ್ಳುತ್ತಾರೆ. ಹೊರಗಿನವರು ನೆಚ್ಚಿಕೊಂಡ ವ್ಯೂ ಒಂದನ್ನು ಯಾರಾದರೂ ಕಡತ ಚೊಕ್ಕಟಗೊಳಿಸುವ ಭರದಲ್ಲಿ ಅಳಿಸಿಬಿಟ್ಟರೆ, ಮುಂದಿನ ಬಾರಿ ಲಿಂಕ್ ಹೊಸದಾಗಿ ಲೋಡ್ ಆದಾಗ ಇನ್ನೊಂದು ಕಚೇರಿಯ ನಕ್ಷೆಯಿಂದ ಕೋಣೆಯ ಹೆಸರುಗಳೆಲ್ಲ ಮಾಯವಾಗಿರುತ್ತವೆ.

ಟಿಪ್ಪಣಿಯೋ ವಸ್ತುವೋ ಎಂದು ಸುಲಭವಾಗಿ ಹೇಳಲಾಗದ ಗುರುತುಗಳೂ ಇವೆ. ಕಂಬಗಳ ಸಾಲನ್ನು ಸೂಚಿಸುವ ಗ್ರಿಡ್ ಗೆರೆಗಳು ಮತ್ತು ಮಹಡಿಗಳ ಎತ್ತರವನ್ನು ಸೂಚಿಸುವ ಲೆವೆಲ್‌ಗಳು ಕಟ್ಟಡದಲ್ಲಿ ಎಲ್ಲಿಯೂ ಕೈಗೆ ಸಿಗುವಂಥವಲ್ಲ. ಆದರೂ ಅವು ಒಂದು ವ್ಯೂಗೆ ಸೀಮಿತವಲ್ಲದೆ ಇಡೀ ಮಾದರಿಗೆ ಸೇರಿದವು. ಆದ್ದರಿಂದ ಬೈ ಹೋಸ್ಟ್ ವ್ಯೂನಲ್ಲಿಯೂ ಲಿಂಕ್‌ನ ಗ್ರಿಡ್‌ಗಳು ಹೋಸ್ಟ್‌ನ ಗ್ರಿಡ್‌ಗಳ ಜೊತೆಗೇ ಕಾಣಿಸಿಕೊಂಡು, ಪ್ರತಿ ಕಂಬಸಾಲಿನ ತುದಿಯಲ್ಲೂ ಎರಡೆರಡು ವೃತ್ತಗಳು ಒಂದರ ಮೇಲೊಂದು ಮೂಡುತ್ತವೆ. ಹೋಸ್ಟ್‌ನಲ್ಲಿ ಗ್ರಿಡ್ ವರ್ಗವನ್ನೇ ಮರೆಮಾಡಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಕಸ್ಟಮ್ ದಾರಿಯಲ್ಲಿ ಆ ಒಂದು ಲಿಂಕ್‌ನ ಗ್ರಿಡ್‌ಗಳನ್ನು ಮಾತ್ರ ತೆಗೆಯಬೇಕು. ಹಲವರು ಸೇರಿ ಕೆಲಸ ಮಾಡುವ ಕಡತದಲ್ಲಿ ರೆವಿಟ್ ವಸ್ತುಗಳನ್ನು ವರ್ಕ್‌ಸೆಟ್ ಎಂಬ ಗುಂಪುಗಳಲ್ಲಿ ಇಡುತ್ತದೆ, ಮತ್ತು ಆರಂಭದಲ್ಲಿಯೇ ಶೇರ್ಡ್ ಲೆವೆಲ್ಸ್ ಅಂಡ್ ಗ್ರಿಡ್ಸ್ ಎಂಬ ಗುಂಪನ್ನು ತಾನೇ ಸೃಷ್ಟಿಸುತ್ತದೆ; ಗ್ರಿಡ್‌ಗಳನ್ನು ಅದರಲ್ಲೇ ಶಿಸ್ತಾಗಿ ಇಟ್ಟಿದ್ದರೆ, ಲಿಂಕ್ ಮಾಡಿಕೊಂಡವರು ಆ ಗುಂಪನ್ನು ಮುಚ್ಚಿ ಇಡೀ ತೊಂದರೆಯನ್ನು ಒಂದೇ ಸಲಕ್ಕೆ ನಿವಾರಿಸಬಹುದು.

ಆದರೆ ಗ್ರಿಡ್‌ಗಳ ಇಮ್ಮಡಿ ಗೆರೆ ಕೇವಲ ಅಂದಗೇಡಲ್ಲ. ಎರಡು ವೃತ್ತಗಳು ಸರಿಯಾಗಿ ಒಂದರ ಮೇಲೊಂದು ಕೂರದೆ ಕೂದಲೆಳೆಯಷ್ಟು ಸರಿದಿದ್ದರೆ, ಎರಡು ತಂಡಗಳ ಕಟ್ಟಡಗಳು ಒಂದೇ ಜಾಗದಲ್ಲಿ ಇಲ್ಲ ಎಂದೇ ಅರ್ಥ. ಗ್ರಿಡ್‌ಗಳನ್ನು ಮರೆಮಾಡುವ ಮೊದಲು ಅವನ್ನು ಒಮ್ಮೆ ಹತ್ತಿರದಿಂದ ನೋಡುವುದು ಅಗತ್ಯ. ಕಾಪಿ ಮಾನಿಟರ್ ಎಂಬ ಸಾಧನ ಲಿಂಕ್‌ನ ಗ್ರಿಡ್ ಮತ್ತು ಲೆವೆಲ್‌ಗಳ ಪ್ರತಿಯನ್ನು ಹೋಸ್ಟ್‌ನಲ್ಲಿ ಮಾಡಿ, ಮೂಲ ಸರಿದಾಗ ಎಚ್ಚರಿಕೆ ನೀಡುತ್ತದೆ. ಆ ಕಣ್ಗಾವಲು ಇದ್ದಾಗ ಮಾತ್ರ ಲಿಂಕ್‌ನ ಗ್ರಿಡ್‌ಗಳನ್ನು ನಿಶ್ಚಿಂತೆಯಿಂದ ಮರೆಮಾಡಬಹುದು.

ಇನ್ನೊಬ್ಬರ ಟಿಪ್ಪಣಿಯನ್ನು ಎರವಲು ತರುವ ಬದಲು, ಅವರ ವಸ್ತುವಿಗೆ ತಮ್ಮದೇ ಟ್ಯಾಗ್ ಹಾಕುವ ಮಾರ್ಗವೂ ಇದೆ. ಟ್ಯಾಗ್ ಎಂದರೆ ಕೈಯಿಂದ ಬರೆದ ಪಠ್ಯವಲ್ಲ. ವಸ್ತುವಿನೊಳಗೆ ದಾಖಲಾಗಿರುವ ಮಾಹಿತಿಯನ್ನು ಓದಿ ತೋರಿಸುವ ಚೀಟಿ. ಲಿಂಕ್ ಆದ ಕಡತದ ಕೋಣೆಗೆ, ಬಾಗಿಲಿಗೆ, ತೊಲೆಗೆ ಹೋಸ್ಟ್‌ನಿಂದಲೇ ಟ್ಯಾಗ್ ಹಾಕಬಹುದು, ಮತ್ತು ವಾಸ್ತುಶಿಲ್ಪಿ ಕೋಣೆಯ ಹೆಸರನ್ನು ಬದಲಿಸಿದರೆ ಲಿಂಕ್ ಹೊಸದಾಗಿ ಲೋಡ್ ಆದೊಡನೆ ಟ್ಯಾಗ್ ಕೂಡ ಬದಲಾಗುತ್ತದೆ. ಅಕ್ಷರದ ಗಾತ್ರವೂ ಸ್ಥಾನವೂ ಟ್ಯಾಗ್ ಹಾಕಿದವರ ಹಿಡಿತದಲ್ಲಿ, ಅದು ಹೇಳುವ ವಿಷಯ ಮಾತ್ರ ಮೂಲದವರ ಹಿಡಿತದಲ್ಲಿ ಉಳಿಯುವುದರಿಂದ, ಮೇಲೆ ಹೇಳಿದ ಹೊಣೆಯ ಹಂಚಿಕೆಗೆ ಇದಕ್ಕಿಂತ ಹೊಂದುವ ಕ್ರಮ ಇನ್ನೊಂದಿಲ್ಲ. ಇದಕ್ಕೂ ಒಂದು ಮಿತಿಯಿದೆ: ವಾಸ್ತುಶಿಲ್ಪಿ ಬಾಗಿಲೊಂದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಇಟ್ಟರೆ, ಕಣ್ಣಿಗೆ ಎರಡೂ ಒಂದೇ ಆದರೂ ಸಾಫ್ಟ್‌ವೇರಿಗೆ ಅವು ಬೇರೆ ವಸ್ತುಗಳು, ಹಾಗಾಗಿ ಹಳೆಯ ಟ್ಯಾಗ್ ಅನಾಥವಾಗುತ್ತದೆ. ಇಂಥವನ್ನು ಪಟ್ಟಿ ಮಾಡಿ ಮತ್ತೆ ಕೂಡಿಸಲು ರಿಕನ್ಸೈಲ್ ಹೋಸ್ಟಿಂಗ್ ಎಂಬ ಸೌಲಭ್ಯವಿದೆ.

ಲಿಂಕ್‌ನೊಳಗಿನ ಲಿಂಕ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಳಗಿನ ಕಡತವನ್ನು ಓವರ್‌ಲೇ ಎಂದು ಜೋಡಿಸಿದ್ದರೆ ಅದು ಮೇಲಿನ ಹೋಸ್ಟ್‌ಗೆ ಕಾಣುವುದಿಲ್ಲ, ಅಟ್ಯಾಚ್‌ಮೆಂಟ್ ಎಂದು ಜೋಡಿಸಿದ್ದರೆ ಕಾಣುತ್ತದೆ. ಮೊದಲನೆಯದನ್ನೇ ರೂಢಿಯಾಗಿ ಇಟ್ಟುಕೊಂಡರೆ ಒಬ್ಬರ ಮಾದರಿ ಎರಡು ದಾರಿಗಳಿಂದ ಬಂದು ಎರಡೆರಡು ಸಲ ಮೂಡುವುದು ತಪ್ಪುತ್ತದೆ.

ಬೆಂಗಳೂರಿನ ಹಲವು ವಿನ್ಯಾಸ ಕಚೇರಿಗಳು ಹೊರದೇಶಗಳ ಕಟ್ಟಡಗಳಿಗೆ ಮಾದರಿಗಳನ್ನು ಸಿದ್ಧಪಡಿಸುತ್ತವೆ. ಇಲ್ಲಿಯ ತಂಡ ಕೆಲಸ ಮುಗಿಸುವ ಹೊತ್ತಿಗೆ ಅಲ್ಲಿಯ ತಂಡ ಕೆಲಸ ಆರಂಭಿಸುವುದರಿಂದ, ಯಾವ ವ್ಯೂ ಯಾರಿಗಾಗಿ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿ ಸರಿಪಡಿಸುವ ಅವಕಾಶ ಕಡಿಮೆ. 2018ರಲ್ಲಿ ಪ್ರಕಟವಾದ ಐಎಸ್‌ಒ 19650 ಮಾನಕವು ಯಾವ ಮಾಹಿತಿಯನ್ನು ಯಾರು, ಯಾವಾಗ, ಯಾವ ಉದ್ದೇಶಕ್ಕಾಗಿ ಒದಗಿಸಬೇಕು ಎಂಬುದನ್ನು ಮೊದಲೇ ಬರೆದಿಡಬೇಕೆಂದು ಹೇಳುತ್ತದೆ. ಲಿಂಕ್‌ಗಾಗಿ ಮೀಸಲಿಟ್ಟ ವ್ಯೂಗಳ ಪಟ್ಟಿಯನ್ನೂ ಆ ಬರಹದಲ್ಲಿ ಸೇರಿಸುವುದು ಸಣ್ಣ ಕೆಲಸವಾದರೂ, ದೂರದಲ್ಲಿರುವ ಎರಡು ತಂಡಗಳ ಎಷ್ಟೋ ವ್ಯರ್ಥ ಶ್ರಮವನ್ನು ಅದು ಉಳಿಸುತ್ತದೆ.

ಬೇರೆ ಬೇರೆ ಸಾಫ್ಟ್‌ವೇರುಗಳ ನಡುವೆ ಮಾದರಿ ಸಾಗುವಾಗ ಟಿಪ್ಪಣಿಯ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಇದಕ್ಕಾಗಿ ಬಳಕೆಯಲ್ಲಿರುವ, 2013ರಲ್ಲಿ ಐಎಸ್‌ಒ 16739 ಎಂಬ ಪೂರ್ಣ ಮಾನಕವಾದ ಐಎಫ್‌ಸಿ ಎಂಬ ಮುಕ್ತ ಕಡತ ಸ್ವರೂಪದಲ್ಲಿ ಟಿಪ್ಪಣಿಗೂ ಜಾಗವಿದೆ. ಆದರೂ ವಿನಿಮಯದಲ್ಲಿ ಮುಖ್ಯವಾಗಿ ಸಾಗುವುದು ವಸ್ತುಗಳ ಆಕಾರ ಮತ್ತು ಗುಣಲಕ್ಷಣ. ಆಸ್ಪತ್ರೆಯ ಬಾಗಿಲೊಂದು ಬೆಂಕಿಯನ್ನು 60 ನಿಮಿಷ ತಡೆಯಬೇಕು ಎಂಬ ಮಾತನ್ನು ನಕ್ಷೆಯ ಮೇಲೆ ಪಠ್ಯವಾಗಿ ಬರೆದರೆ ಅದು ಆ ವ್ಯೂನಲ್ಲಿಯೇ ಉಳಿಯುತ್ತದೆ. ಅದನ್ನೇ ಬಾಗಿಲಿನ ಗುಣಲಕ್ಷಣವಾಗಿ, ಐಎಫ್‌ಸಿಯಲ್ಲಿ ಫೈರ್ ರೇಟಿಂಗ್ ಎಂಬ ಹೆಸರಿನಲ್ಲಿ ಇರುವ ಅಂಕಣದಲ್ಲಿ ತುಂಬಿದರೆ, ಬಾಗಿಲು ಹೋದಲ್ಲೆಲ್ಲ ಆ ಮಾತೂ ಜೊತೆಗೆ ಹೋಗುತ್ತದೆ, ಮತ್ತು ಅದನ್ನು ತಮ್ಮ ನಕ್ಷೆಯಲ್ಲಿ ತೋರಿಸಬೇಕೋ ಬೇಡವೋ ಎಂಬುದನ್ನು ಪಡೆದ ತಂಡ ಒಂದು ಟ್ಯಾಗ್‌ನ ಮೂಲಕ ತಾನೇ ನಿರ್ಧರಿಸಬಹುದು.